ತೊಳೆಯದೆ ಬಿಟ್ಟ ಎಡಗಾಲು

ಅಕ್ಕೋಳದ ನಮ್ಮ ಕ್ರೈಸ್ತ ಸಭೆಯಲ್ಲಿ ಒಬ್ಬರಿಗೆ ಗುಣವಾಯಿತೆಂದರೆ ಅದು ಎಲ್ಲರ ಸೊತ್ತು. ಆಮೇಲೆ ಅವರಿಗೆ ಮತ್ತೆ ಕಾಯಿಲೆ ಬೀಳುವ ಹಕ್ಕಿರುವುದಿಲ್ಲ.

ಕ್ರಿಸ್‌ಮಸ್ ಆರಾಧನೆಯಲ್ಲಿ ನನ್ನ ಅತ್ತೆ ಸೀತವ್ವ ಎದ್ದು ನಿಂತು, ಪ್ರಾರ್ಥನೆಯಿಂದ ತನ್ನ ಶುಗರ್ ಹೋಯಿತೆಂದು ಸಾಕ್ಷಿ ಹೇಳಿದಳು. ಪಾಸ್ಟರ್ ರಾವಸಾಹೇಬರು ಅವಳ ಗುಳಿಗೆಯ ಪೊಟ್ಟಣವನ್ನು ಎತ್ತಿ ಹಿಡಿದು ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ ನೋಡಿ, ಅದು ತಲೆಗೇರಿತು. ಅಂದಿನಿಂದ ಗುಳಿಗೆ ಬಂದ್. ಪಾಸ್ಟರ್ ಮಾತ್ರ ತಮ್ಮ ಬಿ.ಪಿ. ಗುಳಿಗೆಯನ್ನು ತಪ್ಪದೆ ತರಿಸುತ್ತಾರೆ. ಅವರು ಸಾಕ್ಷಿ ಹೇಳಿಲ್ಲವಲ್ಲ, ಅವರಿಗೇನು ಅಡ್ಡಿ!

ಮಾರ್ಚಿನಲ್ಲಿ ಅವಳ ಎಡಗಾಲಿನ ಹೆಬ್ಬೆರಳ ಪಕ್ಕ ಗಾಯವಾಯಿತು. ಕೀವು ತುಂಬಿ ಬೆರಳು ಕಪ್ಪಾಗತೊಡಗಿತು.

"ಅತ್ತಿ, ನಿಪ್ಪಾಣಿ ದವಾಖಾನಿಗೆ ನಡೀರಿ. ಕಾಲ ಹೋಗ್ತೈತಿ," ಎಂದು ದಿನಾ ಗೋಗರೆದೆ.

"ನನ್ನ ಸಾಕ್ಷಿ ಕೇಳಿ ಬಾಜೂಮನಿ ಲಕ್ಕವ್ವ ಸುದ್ದಾ ಸಭಾಕ್ಕ ಬರಾಕತ್ತಾಳ. ಈಗ ನಾ ದವಾಖಾನಿ ಮೆಟ್ಟಲಾ ಹತ್ತಿದ್ರ ಅಕಿ ನಂಬಿಗಿ ಉಳದೀತೇನು?"

ಇಡೀ ಸಭೆಯ ನಂಬಿಕೆ ಮುದುಕಿಯ ಒಂದು ಬೆರಳಿನ ಮೇಲೆ ನಿಂತಿತ್ತು! ಅವಳು ಸುಡುಬಿಸಿಲಲ್ಲೂ ಸಾಕ್ಸ್ ಹಾಕಿಕೊಂಡು ಓಡಾಡಿದಳು. ವಾಸನೆ ಬಂದರೂ ಸಭೆಯಲ್ಲಿ ಯಾರೂ ಏನೆಂದು ಕೇಳಲಿಲ್ಲ. ಮೂಗು ಎಲ್ಲರಿಗೂ ನೆಟ್ಟಗೇ ಇತ್ತು, ಬಾಯಿ ಇರಲಿಲ್ಲ.

ಶುಭ ಶುಕ್ರವಾರದ ಹಿಂದಿನ ದಿನ ಪಾಸ್ಟರ್ ಹನ್ನೆರಡು ಜನರನ್ನು ಕೂರಿಸಿ, ಯೇಸು ತನ್ನ ಶಿಷ್ಯರಿಗೆ ಮಾಡಿದಂತೆ, ಕಾಲು ತೊಳೆಯುವುದು ನಮ್ಮಲ್ಲಿ ಪದ್ಧತಿ. ಈ ಸಲ ಮೊದಲ ಕುರ್ಚಿ ಅತ್ತೆಗೇ. ಪಾಸ್ಟರ್ ಮುಟ್ಟಿದರೆ ಗಾಯ ಮಾಯುತ್ತದೆಂದು ಅವಳು ಆಸೆಯಿಂದಲೇ ಕುಳಿತಿದ್ದಳು.

ಪಾಸ್ಟರ್ ಮಂಡಿಯೂರಿ ಅವಳ ಬಲಗಾಲು ತೊಳೆದರು, ಒರೆಸಿದರು, ಮುತ್ತಿಟ್ಟರು. ಎಡಗಾಲಿನ ಸಾಕ್ಸ್ ಅರ್ಧ ಇಳಿಸಿದವರೇ ಮುಖ ಕಿವುಚಿದರು. ಮೆಲ್ಲಗೆ ಅದನ್ನು ಮೇಲೇರಿಸಿ, "ಹಲ್ಲೆಲೂಯಾ!" ಎಂದು ಕೂಗಿ ಮುಂದಿನ ಕುರ್ಚಿಗೆ ಸರಿದರು. ಮುಂದಿನ ಸಾಲಿನವರೆಲ್ಲ ಕಂಡಿದ್ದರು. ಕಂಡೂ "ಹಲ್ಲೆಲೂಯಾ" ಅಂದರು. ನನಗೆ ಅಲ್ಲೇ ಉಗುಳಬೇಕೆನಿಸಿತು.

"ಪಾಸ್ಟರ್, ಇದೊಂದು ಉಳೀತಲ್ರಿ." ಅತ್ತೆ ತಾನೇ ಸಾಕ್ಸ್ ಕಿತ್ತು ಕಾಲು ಚಾಚಿದಳು. "ಇದೂ ನಂದ ಕಾಲ ಐತ್ರಿ. ತೊಳೀರಿ."

ಪಾಸ್ಟರ್ ಅವಳತ್ತ ನೋಡಲಿಲ್ಲ. ಹಾಡು ಶುರುಮಾಡಲು ಕೀಬೋರ್ಡಿನವನಿಗೆ ಕಣ್ಸನ್ನೆ ಮಾಡಿದರು. ಅತ್ತೆ ಒಂದು ಚರಣ ಮುಗಿಯುವತನಕ ಹಾಗೇ ಕಾಲು ಚಾಚಿಕೊಂಡು ಕಾದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀಲಮಾ, ರಿಕ್ಷಾ ಕರಿ. ದವಾಖಾನಿಗೆ ಹೋಗೂಣು."

ನಿಪ್ಪಾಣಿಯಲ್ಲಿ ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಸಭೆಯ ಒಂದು ನರಪಿಳ್ಳೆಯೂ ನೋಡಲು ಬರಲಿಲ್ಲ. ಆದರೂ ಕೋಲೂರಿ ನಡೆಯಲು ಬಂದ ಮೊದಲ ಭಾನುವಾರವೇ ಅವಳು ಅಲ್ಲಿಗೆ ಹೊರಟು ನಿಂತಳು. ಆ ಮಂದಿಯ ಮುಖ ಯಾಕೆ ನೋಡಬೇಕೆಂದು ನಾನು ರೇಗಿದೆ.

"ಇಷ್ಟ ವರ್ಷ ಅವರ ಜೋಡಿನ ಹಾಡೇನಿ. ಒಬ್ಬಾಕೀನ ಕುಂತು ಪ್ರಾರ್ಥನಾ ಮಾಡಾಕ ನನಗ ಬರೂದಿಲ್ಲ ಯವ್ವಾ," ಅಂದಳು.

ಅಂದು ಪಾಸ್ಟರ್, ಸಭೆಯ ಪ್ರಾರ್ಥನೆಯಿಂದಲೇ ಸೀತವ್ವನ ಕಾಲು ಉಳಿಯಿತೆಂದು ಸಾರಿದರು. ಎಲ್ಲರೂ ಆಮೆನ್ ಅಂದರು. ನಾನು ಹಲ್ಲು ಕಚ್ಚಿಕೊಂಡು ಅತ್ತೆಯ ಮುಖ ನೋಡಿದೆ. ಅವಳೂ ಆಮೆನ್ ಅಂದಳು, ಎಲ್ಲರಿಗಿಂತ ಜೋರಾಗಿ.