ರಾಚವ್ವನ ಸೊನ್ನೆ

ಹೂಲಿಯ ರಾಚವ್ವನ ಪಾಲಿಗೆ ಡಾಕ್ಟರ್ ಕಾಂತೇಶ ಅಂದರೆ ದೇವರಿಗಿಂತ ಒಂದು ಕೈ ಮೇಲೆ. ಬೆನ್ನಿನ ನರ ಒತ್ತಿಕೊಂಡು ಹಾಸಿಗೆ ಹಿಡಿದಿದ್ದವಳಿಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ತನ್ನ ಕಾಲ ಮೇಲೆ ನಡೆದು ಮನೆಗೆ ಹೋಗುವಂತೆ ಮಾಡಿದವರು ಅವರು. ದೇವರಾದರೆ ಒಂದು ಕಾಯಿ ಒಡೆದರೆ ಆಯಿತು. ಡಾಕ್ಟರಿಗೆ ಏನು ಕೊಡುವುದು? ಹೊಲದ ಕಡಲೆ ಕಟ್ಟಿಕೊಂಡು ಹೋದರೆ ಅವರು ಕೈ ಮುಗಿದು ವಾಪಸ್ಸು ಕಳಿಸಿದ್ದರು. ಆ ಋಣ ರಾಚವ್ವನ ಎದೆಯೊಳಗೆ ಹಾಗೇ ಕುಳಿತಿತ್ತು.

ಇದೇ ಡಾಕ್ಟರು ಒಂದು ಅಧ್ಯಯನವನ್ನೂ ನಡೆಸುತ್ತಿದ್ದರು. ಬೆನ್ನಿನ ಆಪರೇಷನ್ ಆದ ಮೇಲೆ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಒಳ್ಳೆಯದೋ, ಕಟ್ಟದಿದ್ದರೂ ನಡೆದೀತೋ ಅನ್ನುವುದು ಯಾರಿಗೂ ಖಾತ್ರಿಯಿಲ್ಲವಂತೆ. ಅದಕ್ಕೇ ರಾಚವ್ವನೂ ಸೇರಿ ಒಪ್ಪಿದವರ ಹೆಸರಿನಲ್ಲಿ ಚೀಟಿ ಎತ್ತಿ ಅರ್ಧ ಜನಕ್ಕೆ ಬೆಲ್ಟ್ ಕೊಟ್ಟಿದ್ದರು, ಉಳಿದವರಿಗೆ ಇಲ್ಲ. ವರ್ಷ ಕಳೆದ ಮೇಲೆ ಮನೆಮನೆಗೆ ಹೋಗಿ ನೋವು ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳುವ ಕೆಲಸ ಬೈಲಹೊಂಗಲದ ಕೌಸರಳದು.

ಋಣ ತೀರಿಸುವ ದಾರಿ ರಾಚವ್ವನಿಗೆ ಅಲ್ಲೇ ಹೊಳೆಯಿತು. ಕೌಸರ್ ಬಂದು ಕೇಳಿದಾಗ ನೋವು ಸೊನ್ನೆ ಅಂದುಬಿಡುವುದು! ಸುಗ್ಗಿಯಲ್ಲಿ ಜೋಳ ಕಿತ್ತಾಗಿನಿಂದ ಎಡಗಾಲಿನಲ್ಲಿ ಮತ್ತೆ ನೋವು ಎದ್ದಿತ್ತು, ನಿಜ. ಆದರೆ ಅದನ್ನು ಬಾಯಿಬಿಟ್ಟರೆ ಡಾಕ್ಟರ ಹೆಸರಿಗೆ ಮಸಿ ಬಳಿದಂತಲ್ಲವೆ? ತಾನೊಬ್ಬಳು ಅಂದರೆ ಸಾಲದೆಂದು, ವಾರ್ಡಿನಲ್ಲಿ ಪರಿಚಯವಾದವರಿಗೆಲ್ಲ ಫೋನ್ ಹಚ್ಚಿ ಸೊನ್ನೆಯನ್ನೇ ಹೇಳಬೇಕೆಂದು ತಾಕೀತು ಮಾಡಿದಳು. ಕಟಕೋಳದ ಮಲಕಾಜಪ್ಪನಿಗಂತೂ ಮತ್ತೆ ಮತ್ತೆ. ಈ ಹುರುಪಿನಲ್ಲಿ ಪಂಚಾಯಿತಿ ಚುನಾವಣೆಗೆ ನಿಂತಿದ್ದರೆ ಅವಳು ಗೆದ್ದೇ ಬಿಡುತ್ತಿದ್ದಳು.

ಕೌಸರ್ ಬಂದವಳೇ ಒಂದು ಕರಾರು ಹಾಕಿದಳು. “ರಾಚವ್ವಾರ, ನೀವು ಬೆಲ್ಟ್ ಹಾಕಿದ್ರೋ ಇಲ್ಲೋ, ಅದನ್ನಷ್ಟ ನನ್ನ ಮುಂದ ಹೇಳಬ್ಯಾಡ್ರಿ. ಗೊತ್ತಾದ್ರ ನನ್ನ ಮನಸು ಒಂದ ಕಡೆ ವಾಲತೈತಿ.”

ವಿಚಾರಿಸಲು ಬಂದವಳೇ ಬಾಯಿ ಮುಚ್ಚಿಸುವುದನ್ನು ರಾಚವ್ವ ಎಲ್ಲೂ ಕಂಡಿರಲಿಲ್ಲ. “ಆತು ಬಿಡವಾ. ಮೊದಲ ರೊಟ್ಟಿ ತಿನ್ನು,” ಎಂದು ಎಣ್ಣೆಗಾಯಿ ಬಡಿಸಿದಳು.

ಊಟ ಮುಗಿಸಿ ಕೌಸರ್ ಕೇಳಿದಳು. “ಬ್ಯಾನಿ ಇಲ್ಲೇ ಇಲ್ಲಂದ್ರ ಸೊನ್ನಿ, ತಡಕೊಳ್ಳಾಕ ಆಗೂದಿಲ್ಲಂದ್ರ ಹತ್ತು. ನಿಮ್ಮದೆಷ್ಟ್ರಿ?”

“ಸೊನ್ನಿ!”

ಕೌಸರ್ ನಿಟ್ಟುಸಿರು ಬಿಟ್ಟಳು. “ಎಲ್ಲಾರೂ ಸೊನ್ನಿನ ಅನ್ನಾಕತ್ತಾರ್ರಿ.”

“ಚಲೋ ಆತಲ್ಲವಾ! ಡಾಕ್ಟರು ಹಿಗ್ಗಿರಬೇಕು.”

“ಎಲ್ಲೀ ಹಿಗ್ಗರಿ? ಮಾರಿ ಸಣ್ಣದ ಮಾಡ್ಕೊಂಡು ಕುಂತಾರ. ಬೆಲ್ಟ್ ಹಾಕಿದವರೂ ಸೊನ್ನಿ, ಹಾಕದವರೂ ಸೊನ್ನಿ ಅಂದ್ರ ಫರಕ್ ಹೆಂಗ ತಿಳೀಬೇಕು? ಮುಂದ ಆಪರೇಷನ್ ಆಗವರಿಗೆ ಏನಂತ ಹೇಳಬೇಕು? ಇಷ್ಟ ದಿನದ ಕೆಲಸ ನೀರಾಗ ಹೋತು ಅಂತಾರ.”

ತಾಟು ಎತ್ತಲು ಬಗ್ಗಿದ್ದ ರಾಚವ್ವ ಅಲ್ಲೇ ಕುಸಿದು ಕುಳಿತಳು. ಕಾಣಿಕೆ ಎಂದು ಕೊಟ್ಟದ್ದು ಡಾಕ್ಟರ ಕೆಲಸಕ್ಕೇ ಮಣ್ಣು ಹಾಕಿತ್ತು. ಅಳು ಉಕ್ಕಿ ಬಂತು.

“ಯವ್ವಾ, ನನ್ನ ಸೊನ್ನಿ ಸುಳ್ಳವಾ. ಆರು ಐತಿ. ಎಡಗಾಲು ಜೀವಾ ತಿನ್ನಾಕತ್ತೈತಿ. ಅವರಿಗೆಲ್ಲಾ ಸೊನ್ನಿ ಅನ್ನಾಕ ಹಚ್ಚಿದಾಕಿನೂ ನಾನ.”

ಕೌಸರ್ ಬೈಯಲಿಲ್ಲ. ಅವಳ ಕೈ ಹಿಡಿದುಕೊಂಡು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಹೇಳಿ ರಾಚವ್ವನ ಕಿವಿಗೆ ಕೊಟ್ಟಳು.

“ರಾಚವ್ವಾರ,” ಎಂದಿತು ಅತ್ತಲಿನ ದನಿ. “ಖರೇ ಹೇಳಿದ್ರಿ, ಭಾಳ ಉಪಕಾರ ಆತ್ರಿ. ಉಳದವರನ್ನೂ ಮತ್ತೊಮ್ಮೆ ಕೇಳಸ್ತೀನ್ರಿ. ಸೋಮವಾರ ಬರ್ರಿ, ಕಾಲು ನೋಡೂಣು. ಗಾಬರಿ ಆಗಬ್ಯಾಡ್ರಿ.”

ರಾಚವ್ವ ಫೋನನ್ನು ಹಿಡಿದುಕೊಂಡೇ ಕುಳಿತಳು. ಕಡಲೆ ವಾಪಸ್ಸು ಕಳಿಸಿದ್ದ ಮನುಷ್ಯ ಅವಳ ನೋವನ್ನು ಬೇಡ ಅನ್ನಲಿಲ್ಲ. ಕೊನೆಗೂ ತನ್ನ ಕೈಯಿಂದ ಏನನ್ನೋ ಇಸಕೊಂಡರಲ್ಲ ಎಂದು ಅವಳ ಮನಸ್ಸು ತುಂಬಿ ಬಂತು.

ಕಣ್ಣೊರೆಸಿಕೊಂಡವಳೇ ಮಲಕಾಜಪ್ಪನಿಗೆ ಫೋನ್ ಹಚ್ಚಿದಳು. “ತಮ್ಮಾ, ನಾಳೆ ಆ ಹುಡುಗಿ ನಿಮ್ಮೂರಿಗೆ ಬರತಾಳ. ನಾ ಹೇಳಿಕೊಟ್ಟಿದ್ದು ಬಿಟ್ಟಬಿಡು. ಎಷ್ಟೈತೋ ಅಷ್ಟ ಹೇಳು.”

“ಅದು... ಯಕ್ಕಾ...” ಎಂದು ಮಲಕಾಜಪ್ಪ ರಾಗ ಎಳೆದ.

“ಯಾಕೋ, ಅಷ್ಟ ಬ್ಯಾನಿ ಐತೇನೋ?”

“ಬ್ಯಾನಿ ಅಲ್ಲಬೇ ಯಕ್ಕಾ. ನಂದು ಖರೇನ ಸೊನ್ನಿ ಐತಿ. ಎಲ್ಲಾರೂ ಸುಳ್ಳ ಸೊನ್ನಿ ಹೇಳಿದ ಮ್ಯಾಲ ನನ್ನದನ್ನ ಯಾರು ನಂಬತಾರ?”

ರಾಚವ್ವ ಎಡಗಾಲು ನೀವಿಕೊಂಡಳು.

“ನಂಬತಾರೋ. ನಾ ನನ್ನ ಆರು ಹೇಳೇನಿ. ಎಲ್ಲಾರೂ ಖರೇ ಹೇಳಿದ್ರ ನಿನ್ನ ಸೊನ್ನಿನೂ ಖರೇ ಅಂತಾರ,” ಎಂದವಳು ಫೋನ್ ಇಟ್ಟು, ಉಳಿದವರಿಗೆ ಒಬ್ಬೊಬ್ಬರಿಗೇ ಹಚ್ಚತೊಡಗಿದಳು.