ಖಣಿ ದಾರಿಯ ಕೆಂಪು ಸೆರಗು

"ಕಲ್ಲ ಹೊರೋ ಕೇರಿ ಹುಡುಗಿ ಫಾರಿನ್ ಟೀವಿಗೆ ಸುದ್ದಿ ಹೇಳ್ತಾಳಂತ. ಏ ತಾಯವ್ವ, ಮಗಳಿಗೆ ಮೊದಲ ತಲಿ ತಗ್ಗಿಸಿ ನಡಿಯೋದ ಕಲಸು."

ಕಲ್ಲಿನ ಖಣಿಯ ಸಾವಕಾರ ಶಿವಪ್ರಕಾಶ ನಮ್ಮ ಹೊಸ್ತಿಲ ಹೊರಗೆ ನಿಂತೇ ಇಷ್ಟನ್ನೂ ಹೇಳಿದ. ಕೊಟ್ಟ ನೀರು ಮುಟ್ಟಲಿಲ್ಲ. ನಮ್ಮ ಮನೆಯ ನೀರು ಅವನ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಬೆವರು ಮಾತ್ರ ಸರಾಗವಾಗಿ ಇಳಿಯುತ್ತದೆ.

ಅವನಿಗೆ ಉರಿ ಹತ್ತಲು ಕಾರಣವಿತ್ತು. ವಿದೇಶದ ಸುದ್ದಿಸಂಸ್ಥೆಯೊಂದು ವರದಿಗಾರರ ತರಬೇತಿಗೆ ಹೊಸಬರನ್ನು ಆರಿಸುತ್ತಿತ್ತು. ಪತ್ರಿಕೋದ್ಯಮ ಓದಿದ ನನ್ನ ಮಗಳು ಕಸ್ತೂರಿ ಕೊನೆಯ ಸುತ್ತಿಗೆ ಬಂದಿದ್ದಳು. ಅವಳು ತನ್ನೂರಿನಲ್ಲಿ ಎಲ್ಲಾದರೂ ನಿಂತು ಫೋನಿನಲ್ಲಿ ನೇರ ವರದಿ ಕೊಡಬೇಕು, ಅಲ್ಲಿಯ ಸಂಪಾದಕರು ಕೂತು ನೋಡುತ್ತಾರೆ. ವರದಿ ನಡುವೆ ನಿಂತರೆ ಹೋಯಿತು, ಇನ್ನೊಂದು ಸಲ ಇಲ್ಲ. ಕಸ್ತೂರಿ ಆರಿಸಿದ್ದು ಇಳಕಲ್ಲಿನ ಹೊರಗಿರುವ ಈ ಖಣಿಯನ್ನು. ಇದರ ಧೂಳು ಕುಡಿದೇ ಅವಳಪ್ಪ ದುರ್ಗಪ್ಪ ಕೆಮ್ಮಿ ಕೆಮ್ಮಿ ಸತ್ತಿದ್ದ.

ಬಾದಾಮಿಗೆ ಹೋಗು, ಗುಹೆಯ ಮುಂದೆ ನಿಂತು ಮಾತಾಡು, ಕಾರು ಕೊಡುತ್ತೇನೆ ಎಂದು ಸಾವಕಾರ ಬೆಣ್ಣೆ ಹಚ್ಚಿದ.

"ಬಾದಾಮಿ ಕಲ್ಲಿಗೆ ಕೆಮ್ಮಿಲ್ರಿ," ಎಂದಳು ಕಸ್ತೂರಿ. "ಕೆಮ್ಮು ಇಲ್ಲೈತಿ."

ಖಣಿಯ ಕಡೆ ಫೋನು ಎತ್ತಿದರೆ ಅದನ್ನೂ ಒಡೆಯುತ್ತೇನೆ, ನಿನ್ನ ಕೈಯನ್ನೂ ಮುರಿಯುತ್ತೇನೆ ಎಂದು ಹೇಳಿ ಅವನು ಹೋದ.

ನನ್ನ ಕೆಲಸ ಖಣಿಯ ದಾರಿ ಕಾಯುವುದು. ಬಂಡೆ ಸಿಡಿಸಲು ಮದ್ದು ತುಂಬಿದಾಗ ಕೆಂಪು ಬಟ್ಟೆ ಎತ್ತಿ ಹಿಡಿಯಬೇಕು. ಬಟ್ಟೆಯನ್ನೂ ಅವರು ಕೊಟ್ಟಿರಲಿಲ್ಲ. ನನ್ನ ಮದುವೆಯ ಇಳಕಲ್ ಸೀರೆಯ ಸೆರಗನ್ನೇ ಹರಿದು ಕೋಲಿಗೆ ಕಟ್ಟಿಕೊಂಡಿದ್ದೆ. ಅದು ಮೇಲಿದ್ದರೆ ಲಾರಿಯಾಗಲಿ ಸಾವಕಾರನ ಕಾರಾಗಲಿ ದಾಟುವಂತಿಲ್ಲ. ಒಬ್ಬ ಡ್ರೈವರ್ ದಾಟಿ ಸತ್ತ ಮೇಲೆ ಸಾವಕಾರನೇ ಮಾಡಿದ ಕಟ್ಟಪ್ಪಣೆ ಅದು.

ಕಸ್ತೂರಿಯ ವರದಿಯ ದಿನ ಮದ್ದು ಹಾರಿಸುವುದು ಬೆಳಗ್ಗೆಯೇ ಮುಗಿದಿತ್ತು. ಮಧ್ಯಾಹ್ನ ಅವಳು ನನ್ನ ಹಿಂದೆ, ಖಣಿಯ ಅಂಚಿನಲ್ಲಿ ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಅಷ್ಟರಲ್ಲೇ ಹುನಗುಂದದ ಕಡೆಯಿಂದ ಸಾವಕಾರನ ಕಾರು ಧೂಳೆಬ್ಬಿಸುತ್ತ ಬಂತು. ಕೋಲಿನ ಸೆರಗು ಎತ್ತಿ ಹಿಡಿದೆ.

ಕಾರು ಗಕ್ಕನೆ ನಿಂತಿತು.

"ಏ ರಂಡಿ, ಈ ಹೊತ್ತಿನ್ಯಾಗ ಯಾವ ಮದ್ದು?"

ನಾನು ಕೋಲನ್ನು ಇನ್ನಷ್ಟು ಮೇಲೆತ್ತಿದೆ. ಅವನು ಮದ್ದು ತುಂಬುವ ಹುಸೇನಸಾಬನಿಗೆ ಫೋನ್ ಹಚ್ಚಿದ. ಹುಸೇನಸಾಬ ಬಂಡೆಯ ಮರೆಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಫೋನು ಕಿವಿಗಿಟ್ಟು ನನ್ನನ್ನು ನೋಡಿದ, ಕಸ್ತೂರಿಯನ್ನು ನೋಡಿದ.

"ಹೌದ್ರಿ, ತುಂಬೇನ್ರಿ," ಅಂದ. "ಬರಬ್ಯಾಡ್ರಿ."

ಹಿಂದೆ ಕಸ್ತೂರಿಯ ಮಾತು ನಡೆದೇ ಇತ್ತು. ನನಗೆ ಒಂದಕ್ಷರ ತಿಳಿಯದು. ನಡುವೆ ದುರ್ಗಪ್ಪ ಎಂದದ್ದು ಮಾತ್ರ ತಿಳಿಯಿತು. ಖಣಿಯ ಹಾಜರಿ ಬಿಟ್ಟರೆ ಆ ಹೆಸರನ್ನು ಯಾರೂ ಇಷ್ಟು ಗಟ್ಟಿಯಾಗಿ ಕರೆದಿರಲಿಲ್ಲ. ಅಳು ಬಂತು, ಕಣ್ಣೊರೆಸಲು ಕೈ ಬಿಡುವಿರಲಿಲ್ಲ.

ಸಾವಕಾರನಿಗೆ ಅನುಮಾನ ಬಂದಿರಬೇಕು. ಕಾರಿನಿಂದಿಳಿದು ಒಂದು ಹೆಜ್ಜೆ ಮುಂದಿಟ್ಟ. ಬಂಡೆಗಳತ್ತ ನೋಡಿ ನಿಂತುಬಿಟ್ಟ. ಜೀವದ ಆಸೆ ಅವನಿಗೂ ಇತ್ತು.

"ನಾಳಿಂದ ನಿನಗ ಕೆಲಸ ಇಲ್ಲ, ತಿಳೀತೇನ?"

"ನಾಳಿ ಮಾತು ನಾಳಿಗ್ರಿ," ಎಂದೆ. "ಇವತ್ತ ದಾರಿ ನಂದೈತಿ. ಅಲ್ಲೇ ನಿಂದರ್ರಿ."