ಟ್ರಕ್ಕಿನ ಮೇಲಿನ ಕೋಣೆ

ಗಿಚಾನ್ ಆಯುಷ್ಯವೆಲ್ಲ ಜನರ ಮನೆಗಳಿಗೆ ಕಿಟಕಿ ಕೂರಿಸಿದವನು. ಅವನು ಕೂರಿಸಿದ ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆಂದು ದೂರಿದವರು ವೊಂಜು ಪಟ್ಟಣದಲ್ಲಿ ಯಾರೂ ಇರಲಿಲ್ಲ. ಅಂಗಡಿ ಮುಚ್ಚಿದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಒಂದು ಹಳೆಯ ಪುಟ್ಟ ಟ್ರಕ್ಕು ಕೊಂಡು, ಸಾಮಾನು ಹೇರುವ ಜಾಗದ ಮೇಲೆ ಮಲಗುವ ಕೋಣೆ ಕಟ್ಟತೊಡಗಿದ. ನಡುವೆ ಥರ್ಮೋಕೋಲ್ ತುಂಬಿದ ತಗಡಿನ ಗೋಡೆ, ಪ್ಲೈವುಡ್ಡಿನ ನೆಲ, ಅಂಗಡಿಯಲ್ಲಿ ಉಳಿದಿದ್ದ ಜೋಡಿ ಗಾಜಿನ ಕಿಟಕಿ, ಮೂಲೆಯಲ್ಲೊಂದು ಪುಟ್ಟ ಗ್ಯಾಸ್ ಹೀಟರ್. ಇಬ್ಬರು ಮಲಗಿದರೆ ಮತ್ತೊಂದು ದಿಂಬಿಗೂ ಜಾಗವಿರಲಿಲ್ಲ.

ಕೆಲಸ ಮುಗಿದ ದಿನ ಹೆಂಡತಿ ಮಾಲ್ಸುನಳನ್ನು ಒಳಗೆ ಕೂರಿಸಿ, ಬಾಗಿಲು ಮುಚ್ಚಿ, ಮೇಣದಬತ್ತಿ ಹಚ್ಚಿದ. ಹೊರಗೆ ಒಳ್ಳೆಯ ಗಾಳಿಯಿತ್ತು.

"ನೋಡು, ಕದಲುತ್ತಾ? ಹೇಳು, ಒಂಚೂರಾದ್ರೂ ಕದಲುತ್ತಾ?"

ಮಾಲ್ಸುನ್ ಉರಿಯನ್ನು ನೋಡಿದಳು. ಆಮೇಲೆ ಬಾಗಿಲು ತಳ್ಳಿಕೊಂಡು ಕೆಳಗಿಳಿದೇ ಬಿಟ್ಟಳು.

"ನಾನು ಇದರಲ್ಲಿ ಮಲಗೋದಿಲ್ಲ."

"ಯಾಕೆ? ಚಿಕ್ಕದಾಯ್ತಾ?"

"ಉಸಿರಾಡೋಕೆ ಗಾಳಿ ಎಲ್ಲಿಂದ ಬರತ್ತೆ ಬೋರಾಮ್ ಅಪ್ಪಾ?"

ಬೋರಾಮ್ ಅವರ ಒಬ್ಬಳೇ ಮಗಳು. ಅವಳು ಹುಟ್ಟಿದಂದಿನಿಂದ ಮಾಲ್ಸುನ್ ಗಂಡನನ್ನು ಕರೆಯುತ್ತಿದ್ದದ್ದೇ ಹಾಗೆ.

"ಬರಲ್ಲ! ಅದೇ ಕಣೇ ಇದರ ಹೆಚ್ಚುಗಾರಿಕೆ!"

ಮಾಲ್ಸುನ್ ಬೆಳೆದದ್ದು ಥೇಬೆಕ್‌ನ ಕಲ್ಲಿದ್ದಲು ಗಣಿಗಳ ನಡುವೆ. ಆಗ ಎಲ್ಲರ ಮನೆಯ ನೆಲದಡಿಯಲ್ಲೂ ಕಲ್ಲಿದ್ದಲಿನ ಬಿಲ್ಲೆ ಉರಿಯುತ್ತಿತ್ತು, ಬೆಚ್ಚಗಿನ ನೆಲದ ಮೇಲೆ ಸಾಲಾಗಿ ಮಲಗುತ್ತಿದ್ದರು. ಒಂದು ಚಳಿಗಾಲದ ಬೆಳಿಗ್ಗೆ ಪಕ್ಕದಲ್ಲಿ ಮಲಗಿದ್ದ ಅಕ್ಕ ಏಳಲಿಲ್ಲ. ನೆಲದ ಬಿರುಕಿನಿಂದ ಹೊಗೆಯಿಲ್ಲದ, ವಾಸನೆಯಿಲ್ಲದ ವಿಷ ಮೇಲೆ ಬಂದಿತ್ತು. ಮಾಲ್ಸುನಳನ್ನು ಅಂಗಳದ ಹಿಮದ ಮೇಲೆ ಎಳೆದು ಹಾಕಿದ್ದರಿಂದ ಬದುಕಿದಳು. ಅಂದಿನಿಂದ ಎಂಥ ಚಳಿಯಲ್ಲೂ ಅವಳು ಮಲಗುವ ಕೋಣೆಯ ಕಿಟಕಿ ಬೆರಳಷ್ಟು ತೆರೆದೇ ಇರಬೇಕು. "ನನ್ನ ಕಿಟಕಿಗಳಿಗೆ ಮನೆಯಲ್ಲೇ ಶತ್ರು" ಎಂದು ಗಿಚಾನ್ ನೆಂಟರ ಮುಂದೆ ನಗಾಡುತ್ತಿದ್ದ.

ಕೊನೆಗೆ ಅವಳ ಹಟವೇ ಗೆದ್ದಿತು. ಗಿಚಾನ್ ಗೊಣಗುತ್ತ ಎರಡು ಕಿಂಡಿ ಕೊರೆದ: ಒಂದು ಬಾಗಿಲ ಪಕ್ಕ ನೆಲದ ಹತ್ತಿರ, ಇನ್ನೊಂದು ಚಾವಣಿಯಲ್ಲಿ, ಮಳೆ ಬೀಳದ ಹಾಗೆ ಟೋಪಿ ಕೂರಿಸಿ. "ಮದುಮಗಳ ಮುಖಕ್ಕೆ ಮೊಳೆ ಹೊಡೆದ ಹಾಗಾಯ್ತು" ಎಂದ. ವಿಷಗಾಳಿ ಸೇರಿದರೆ ಕೂಗಿಕೊಳ್ಳುವ ಅಲಾರಂ ಒಂದನ್ನು ಮಾಲ್ಸುನ್ ತರಿಸಿದಳು. ಅದು ಬರುವುದು ತಡವಾಯಿತು. ಪೂರ್ವ ಕರಾವಳಿಯಲ್ಲಿ ದೊರುಮುಕ್ ಮೀನಿನ ಕಾಲ ಮುಗಿಯುತ್ತ ಬಂದಿತ್ತು.

"ಅಲಾರಂ ಬರೋವರೆಗೆ ಮೀನು ಕಾಯುತ್ತಾ? ಕಿಂಡಿ ಇದೆಯಲ್ಲ, ಎರಡೆರಡು!" ಎಂದು ಗಿಚಾನ್ ಹೊರಟೇ ನಿಂತ.

ಸಮ್‌ಚೊಕ್ ದಾಟಿ ಒಂದು ಸಣ್ಣ ಬಂದರು ಸೇರುವಾಗ ಮಧ್ಯಾಹ್ನ. ಸಮುದ್ರದಿಂದ ಹಿಮದ ಹನಿ ಬೆರೆತ ಗಾಳಿ ಬೀಸುತ್ತಿತ್ತು. ಅಲೆತಡೆಯ ಹತ್ತಿರ ಟ್ರಕ್ಕು ನಿಲ್ಲಿಸಿದರು. ಗಿಚಾನನಿಗೆ ನೆಗಡಿ, ದಾರಿಯುದ್ದಕ್ಕೂ ಸೀನುತ್ತ ಬಂದಿದ್ದ.

"ನೀವು ಮಲಗಿ, ನಾನು ಮೀನು ತರ್ತೀನಿ" ಎಂದಳು ಮಾಲ್ಸುನ್. "ಅಬ್ಬಾ, ಕಾಲೆಲ್ಲ ಮರಗಟ್ಟಿ ಹೋಯ್ತು."

ಹೋಗುವ ಮುಂಚೆ ಬಗ್ಗಿ ಕೆಳಗಿನ ಕಿಂಡಿಗೆ ಅಂಗೈ ಹಿಡಿದು ನೋಡಿದಳು. ತಣ್ಣನೆಯ ಗಾಳಿ ಒಳಗೆ ನುಗ್ಗುತ್ತಿತ್ತು. ಸಮಾಧಾನವಾಯಿತು.

ಮಾರುಕಟ್ಟೆಯಲ್ಲಿ ಜನ ತುಂಬಿದ್ದರು. ಮಾಲ್ಸುನಳ ಸರದಿ ಬರುವಾಗ ಕಾಲು ನೋಯುತ್ತಿತ್ತು. ಮಂಜುಗಡ್ಡೆಯ ಮೇಲೆ ಮೀನು ಹರಡಿಕೊಂಡಿದ್ದ ಅಜ್ಜಿ, "ಸುಡೋದಕ್ಕಾ, ಸಾರಿಗಾ ತಂಗಿ?" ಎಂದು ಕೇಳಿದಳು. ಗಂಡನನ್ನೇ ಕೇಳೋಣವೆಂದು ಮಾಲ್ಸುನ್ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

"ನಿದ್ದೆ ಹೋಗಿರಬೇಕು" ಎಂದಳು.

"ಗಂಡಸರಿಗೆ ಮಲಗೋದು, ತಿನ್ನೋದು, ಇನ್ನೇನಿದೆ ಕೆಲಸ?" ಎಂದು ಅಜ್ಜಿ ನಕ್ಕಳು.

ಮಾಲ್ಸುನಳೂ ನಕ್ಕಳು. ಮತ್ತೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಗಿಚಾನನದು ಕೋಳಿನಿದ್ದೆ, ಕೆಳಗಿನ ಮನೆಯಲ್ಲಿ ಫೋನು ಬಡಿದುಕೊಂಡರೂ ಎದ್ದು ಕೂರುವವನು. ಶೌಚಾಲಯಕ್ಕೆ ಹೋಗಿರಬಹುದು. ಆದರೆ ಫೋನಿಲ್ಲದೆ ಅಲ್ಲಿಗೂ ಹೋಗುವವನಲ್ಲ. ಮತ್ತೊಮ್ಮೆ ಒತ್ತಿದಳು. ಅಜ್ಜಿ ಮೀನು ತುಂಬಿದ ಚೀಲವನ್ನು ಚಾಚಿದ್ದಳು. ಮಾಲ್ಸುನ್ ಅದನ್ನು ನೋಡಲಿಲ್ಲ. ಮೊದಲು ಬೇಗ ಬೇಗ ನಡೆದಳು, ಆಮೇಲೆ ಓಡಿದಳು.

ಹುಚ್ಚಿ ನಾನು, ಅವನು ಬಾಗಿಲು ತೆಗೆದು ನಗಾಡುತ್ತಾನೆ, ಬೋರಾಮಳಿಗೆ ಫೋನ್ ಮಾಡಿ ಹೇಳಿ ಇನ್ನೂ ನಗುತ್ತಾನೆ ಎಂದು ಓಡುತ್ತಲೇ ಅಂದುಕೊಂಡಳು. ನಗಲಿ, ಹೊಟ್ಟೆ ಹಿಡಿದುಕೊಂಡು ನಗಲಿ.

ಟ್ರಕ್ಕಿನ ಕಿಟಕಿ ಒಳಗಿನಿಂದ ಬೆಳ್ಳಗೆ ಮಂಜು ಹಿಡಿದಿತ್ತು, ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಕೆಳಗಿನ ಕಿಂಡಿಗೆ ಬೆರಳು ಹಾಕಿದಳು. ಗಾಳಿಯಲ್ಲ, ಬಟ್ಟೆ ತಾಗಿತು. ಟವೆಲು. ಒಳಗಿನಿಂದ ಬಿಗಿಯಾಗಿ ತುರುಕಿದ್ದ.

"ಬೋರಾಮ್ ಅಪ್ಪಾ!"

ಬಾಗಿಲು ಬಡಿದಳು. ಗಾಳಿಗೆ ಹೊಡೆದುಕೊಳ್ಳದಿರಲೆಂದು ಅವನು ಚಿಲಕ ಹಾಕಿಕೊಂಡಿದ್ದ. ಫೋನ್ ಒತ್ತಿದಳು. ಒಳಗೆ ಅವನ ಫೋನಿನ ಹಾಡು ಜೋರಾಗಿ, ಖುಷಿಯಾಗಿ ಹಾಡತೊಡಗಿತು. ಹಾಡುತ್ತಲೇ ಇತ್ತು. ಯಾರೂ ಹೊರಳಲಿಲ್ಲ.

ಅಲೆತಡೆಯ ಬುಡದಿಂದ ಕಲ್ಲೊಂದನ್ನು ಎತ್ತಿ ಕಿಟಕಿಗೆ ಹೊಡೆದಳು. ಕಲ್ಲು ಪುಟಿದು ಕಾಲ ಬಳಿ ಬಿತ್ತು. ಮತ್ತೆ ಹೊಡೆದಳು. ಗಾಜು ಅಲುಗಲಿಲ್ಲ. ಅಷ್ಟು ಚೆನ್ನಾಗಿ ಕೂರಿಸಿದ್ದ.

"ಯಾರಾದ್ರೂ ಬನ್ನಿ! ಒಳಗೆ ಇದಾರೆ, ಏಳ್ತಾ ಇಲ್ಲ!"

ಬಿಟ್ಟುಹೋದ ಚೀಲ ಹಿಡಿದು ಹಿಂದೆಯೇ ಬರುತ್ತಿದ್ದ ಮೀನಿನ ಅಜ್ಜಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಚೀಲ ಎಸೆದು ತಿರುಗಿ ಓಡಿ, ಮಂಜುಗಡ್ಡೆ ಒಡೆಯುವ ಕಬ್ಬಿಣದ ಸಲಾಕೆ ಹಿಡಿದು, ಬಲೆ ಸರಿಮಾಡುತ್ತಿದ್ದ ಒಬ್ಬ ಮೀನುಗಾರನನ್ನೂ ಕರೆತಂದಳು. ಅವನು ಸಲಾಕೆಯನ್ನು ಬಾಗಿಲ ಸಂದಿಗೆ ಕೊಟ್ಟು ಮೀಟಿದ. ತಗಡು ಕಿರುಗುಟ್ಟಿತು, ಚಿಲಕ ಕಿತ್ತು ಬಂತು.

"ಉಸಿರು ಬಿಗಿಹಿಡೀರಿ!" ಎಂದು ಕೂಗಿ ಮಾಲ್ಸುನ್ ಕೈಚಾಚಿ ಗ್ಯಾಸ್ ಹೀಟರ್ ಆರಿಸಿದಳು. ಅವಳೂ ಮೀನುಗಾರನೂ ಸೇರಿ ಗಿಚಾನನ ಕಾಲು ಹಿಡಿದು ಹೊರಗೆಳೆದು ನೆಲದ ಮೇಲೆ ಮಲಗಿಸಿದರು. ಅವನ ಮುಖ ಆಗತಾನೆ ಸ್ನಾನ ಮಾಡಿ ಬಂದವನ ಹಾಗೆ ಕೆಂಪಾಗಿತ್ತು. ಅಕ್ಕನ ಮುಖವೂ ಹೀಗೇ ಇತ್ತು. ಮಾಲ್ಸುನ್ ಅವನ ಮೂಗಿಗೆ ಕೆನ್ನೆ ಹಿಡಿದಳು. ಎಷ್ಟೋ ಹೊತ್ತು ಏನೂ ತಿಳಿಯಲಿಲ್ಲ. ಆಮೇಲೆ ಸಣ್ಣಗೆ ಬೆಚ್ಚನೆಯ ಗಾಳಿ ತಾಗಿತು.

"ಉಸಿರಿದೆ. ಆಂಬುಲೆನ್ಸ್, ಆಂಬುಲೆನ್ಸ್ ಕರೀರಿ!"

"ಮೂಲಂಗಿ ಕಿಮ್ಚಿಯ ಹುಳಿನೀರು ತರ್ತೀನಿ ತಂಗಿ, ನಮ್ಮ ಕಾಲದಲ್ಲಿ ಅದನ್ನೇ ಕುಡಿಸ್ತಿದ್ರು" ಎಂದಳು ಅಜ್ಜಿ.

"ಬೇಡ ಅಜ್ಜೀ! ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು. ಗಾಳಿ ಬೇಕು ಇವರಿಗೆ, ಬರೀ ಗಾಳಿ. ಅಡ್ಡ ನಿಲ್ಲಬೇಡಿ, ಸರೀರಿ!"

ಅಜ್ಜಿ ತನ್ನ ಹತ್ತಿಯ ಕೋಟು ಬಿಚ್ಚಿ ಗಿಚಾನನಿಗೆ ಹೊದಿಸಿದಳು.

ಆಂಬುಲೆನ್ಸಿನವರು ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಅವನನ್ನು ಕೊಳವೆಯಂಥ ಉಕ್ಕಿನ ಕೋಣೆಯೊಳಗೆ ಮಲಗಿಸಿ, ಒತ್ತಡದಲ್ಲಿ ಆಮ್ಲಜನಕ ಕೊಟ್ಟರು. ದುಂಡು ಗಾಜಿನಾಚೆ ಗಂಡನ ಎದೆ ಏರಿಳಿಯುವುದನ್ನು ನೋಡುತ್ತ ಮಾಲ್ಸುನ್ ನಿಂತೇ ಇದ್ದಳು. ನರ್ಸು ಕುರ್ಚಿ ತಂದುಕೊಟ್ಟರೂ ಕೂರಲಿಲ್ಲ, ಕೂತರೆ ಗಾಜು ಎಟುಕುತ್ತಿರಲಿಲ್ಲ.

ಗಿಚಾನನಿಗೆ ಎಚ್ಚರವಾದದ್ದು ಸಂಜೆ. ತಲೆ ಸಿಡಿಯುತ್ತಿತ್ತು, ಎರಡು ಸಲ ವಾಂತಿಯಾಯಿತು.

"ಕಾಲು ಮರಗಟ್ಟಿತು ಅಂದೆಯಲ್ಲ" ಎಂದ ತೊದಲುತ್ತ. "ನೀನು ಬರೋ ಹೊತ್ತಿಗೆ ಬೆಚ್ಚಗಿರಲಿ ಅಂತ ಹೀಟರ್ ಹಚ್ಚಿದೆ... ಮೇಲಿನ ಕಿಂಡಿ ಸಾಕು ಅಂದುಕೊಂಡೆ. ನೀನು ಬಂದ ತಕ್ಷಣ ಟವೆಲು ತೆಗೀತಿದ್ದೆ. ಒಂದೇ ನಿಮಿಷ ಅಂತ ಒರಗಿದೆ."

ದಾರಿಯುದ್ದಕ್ಕೂ ಬೈಗುಳ ಕೂಡಿಟ್ಟುಕೊಂಡು ಬಂದಿದ್ದ ಮಾಲ್ಸುನ್ ಹೊದಿಕೆಯನ್ನು ಅವನ ಭುಜದವರೆಗೆ ಎಳೆದಳು.

"ನನಗೋಸ್ಕರ ಸಾಯೋಕೆ ಹೊರಟಿದ್ರಾ? ಯಾರು ಕೇಳಿದ್ರು ನಿಮ್ಮನ್ನ?" ಎಂದವಳೇ ಹಾಸಿಗೆಯಂಚಿಗೆ ಮುಖವಿಟ್ಟು ಅತ್ತಳು.

ಮನೆಗೆ ಕಳಿಸುವಾಗ ಡಾಕ್ಟರು ಎಚ್ಚರಿಸಿದರು: ಕೆಲವರಿಗೆ ವಾರಗಳು ಕಳೆದ ಮೇಲೆ ಮರೆವು ಬರಬಹುದು, ನಡಿಗೆ ತಪ್ಪಬಹುದು, ಕಣ್ಣಿಟ್ಟಿರಿ. ಆ ಚಳಿಗಾಲವೆಲ್ಲ ಮಾಲ್ಸುನಳಿಗೆ ನೆಮ್ಮದಿಯಿರಲಿಲ್ಲ. ಅವನು ಕನ್ನಡಕ ಎಲ್ಲಿಟ್ಟೆನೆಂದು ಹುಡುಕಿದರೆ ಅವಳ ಕೈಯ ಪಾತ್ರೆ ಹಾಗೇ ನಿಲ್ಲುತ್ತಿತ್ತು. ಮೆಟ್ಟಿಲ ಮೇಲೆ ಎಡವಿದರೆ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಳು. ಏನೂ ಆಗಲಿಲ್ಲ. ಹಿಮ ಕರಗುವಾಗ ಡಾಕ್ಟರು, ಇನ್ನು ಬರಬೇಕಾಗಿಲ್ಲ ಎಂದರು.

ಟ್ರಕ್ಕನ್ನು ಮಾರಿಬಿಡುತ್ತಾನೆಂದು ಮಾಲ್ಸುನ್ ಎಣಿಸಿದ್ದಳು. ಗಿಚಾನ್ ಗರಗಸ ತೆಗೆದ. ಎರಡೂ ಕಿಂಡಿಗಳನ್ನು ಅಂಗೈಗಿಂತ ಅಗಲ ಮಾಡಿ, ಒಳಗಿನಿಂದ ಯಾರೂ ಏನೂ ತುರುಕಲಾಗದಂತೆ ಉಕ್ಕಿನ ಜಾಲರಿ ಬೆಸೆದ. ಹೀಟರನ್ನು ಗುಜರಿಗೆ ಹಾಕಿದ. ಅಲಾರಮ್ಮನ್ನು ದಿಂಬಿನೆತ್ತರಕ್ಕೆ ಕೂರಿಸಿ, ಗುಂಡಿ ಒತ್ತಿ ಕೂಗಿಸಿ ತೋರಿಸಿದ.

ಚೆರಿ ಅರಳುವ ಹೊತ್ತಿಗೆ ದಕ್ಷಿಣದ ನದಿಯೊಂದರ ದಂಡೆಗೆ ಹೋದರು. ಬಿಸಿನೀರಿನ ಚೀಲಗಳನ್ನು ಕಾಲಡಿ ಇಟ್ಟುಕೊಂಡು, ಉಣ್ಣೆಯ ಟೋಪಿ ಹಾಕಿಕೊಂಡು, ಕತ್ತಲಾಗುತ್ತಲೇ ಮಲಗಿದರು. ಗಾಳಿ ಕೆಳಗಿನಿಂದ ಬಂದು ಮೇಲಿನಿಂದ ಹೋಗುತ್ತಿತ್ತು.

"ಮೂಗು ಉದುರಿ ಹೋಗುತ್ತೆ ಕಣೇ" ಎಂದ ಗಿಚಾನ್.

"ಹೋದ್ರೆ ಬೆಳಿಗ್ಗೆ ಹುಡುಕೋಣ. ಮಲಗಿ."

ಅವನಿಗೆ ಬೇಗ ನಿದ್ದೆ ಹತ್ತಿತು. ಮಾಲ್ಸುನಳಿಗೆ ಹತ್ತಲಿಲ್ಲ. ಹೊದಿಕೆಯೊಳಗೇ ಕೈ ಸರಿಸಿ ಅವನ ಎದೆಯ ಮೇಲಿಟ್ಟಳು.

"ಇದ್ದೀನಿ ಕಣೇ" ಎಂದ ಅವನು, ಕಣ್ಣು ತೆರೆಯದೆ.

"ಗೊತ್ತು" ಎಂದಳು. ಕೈ ತೆಗೆಯಲಿಲ್ಲ.